ಸಕ್ಕರೆ ಗುಳಿಗೆ — ೭: ಎಡ ಅಂಗೈ

ಕಬ್ಬಿಣದ ಕೊಕ್ಕೆ ಮಾರೆಣ್ಣನ ಭುಜಕ್ಕೆ ಇಳಿದು, ಅಂಗಿಯ ಜೊತೆ ಚರ್ಮವನ್ನೂ ಕಿತ್ತುಕೊಂಡು ಮೇಲೆ ಬಂತು.

ಹಮಾಲರು ಅಕ್ಕಿ ಚೀಲ ಎಳೆಯುವ ಕೊಕ್ಕೆ ಅದು. ಸಿರುಗುಪ್ಪದ ರೈಸ್ ಮಿಲ್ಲಿನಲ್ಲಿ ಭತ್ತ ಒಣಗಿಸುವ ಕಟ್ಟೆಯ ಮೇಲೆ ಜನ ಸುತ್ತುಗಟ್ಟಿದ್ದರು. ನಡುವೆ ಮಾರೆಣ್ಣ ಮೊಣಕಾಲೂರಿ ಕೂತಿದ್ದ. ಅವನ ಮೇಲೆ ಕವುಚಿಬಿದ್ದಿದ್ದ ಅಕ್ಕ ಹಂಪಮ್ಮನ ಹಣೆಯಿಂದ ರಕ್ತ ಇಳಿಯುತ್ತಿತ್ತು.

"ಹಾಕ್ರಲೇ! ಬಳ್ಳಾರ್‍ಯಾಗ ಒಂದು ಹೆಣ ಕೆಡವಿ ಬಂದಾನ, ಇಲ್ಲಿ ಇನ್ನೆಷ್ಟು ಕೆಡವ್ತಾನೋ!"

ಕೊಕ್ಕೆ ಮತ್ತೆ ಮೇಲೆ ಹೋಯಿತು. ಕೆಳಗೆ ಬರಲಿಲ್ಲ. ಸರ್ಕಲ್ ಇನ್ಸ್‌ಪೆಕ್ಟರ್ ಓಬಳೇಶರ ಲಾಠಿ ಅದನ್ನು ಹಿಡಿದಿದ್ದವನ ಮುಂಗೈಗೆ ಬಿದ್ದಿತ್ತು. ಎಲುಬು ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಓಬಳೇಶ ಎರಡನೆಯ ಏಟನ್ನು ಕಲ್ಲು ಎತ್ತಿದ್ದವನ ಮೊಣಕಾಲಿಗೆ ಕೊಟ್ಟರು. ಮೂರನೆಯದು ಬೇಕಾಗಲಿಲ್ಲ.

"ಯಾರಾದ್ರು ಮುಂದ ಬರೋರು ಅದೀರೇನು?" ಅಂದರು. ಯಾರೂ ಇರಲಿಲ್ಲ.

ಬಳ್ಳಾರಿಯ ಡಾಕ್ಟರ್ ಚಿದಾನಂದಪ್ಪನವರ ಖಾಸಗಿ ಮಾನಸಿಕ ಆಸ್ಪತ್ರೆಯ ಕಂಪೌಂಡರ್ ತಿಪ್ಪೇರುದ್ರಪ್ಪನ ತಲೆ ನಿನ್ನೆ ಬೆಳಿಗ್ಗೆ ಔಷಧಿ ಅರೆಯುವ ಕಲ್ಲುಗುಂಡಿನ ಏಟಿಗೆ ಒಡೆದಿತ್ತು. ಅದೇ ಹೊತ್ತಿಗೆ ಒಳರೋಗಿ ಮಾರೆಣ್ಣ ಕಾಣೆಯಾಗಿದ್ದ. ಇಷ್ಟು ಸಾಕಾಗಿತ್ತು ಊರಿಗೆ.

ಮಿಲ್ಲಿನ ನೆರಳಿಗೆ ಕರೆತಂದ ಮೇಲೆ ಹಂಪಮ್ಮ ತಮ್ಮನಿಗೆ ಲೋಟದಲ್ಲಿ ನೀರು ಕೊಟ್ಟಳು. ಅವನು ಎರಡೂ ಕೈಯಲ್ಲಿ ಹಿಡಿದ. ಲೋಟ ಬಾಯಿ ಮುಟ್ಟುವ ಮೊದಲೇ ಅರ್ಧ ನೀರು ಎದೆಗೆ ಚೆಲ್ಲಿತು. ಕೈ ಎಲೆಯಂತೆ ನಡುಗುತ್ತಿತ್ತು. ಮುಖ, ಕತ್ತು, ಮುಂಗೈಗಳು ಬಿಸಿಲಿಗೆ ಸುಟ್ಟು ಬೊಬ್ಬೆಯೆದ್ದಿದ್ದವು. ಹರಿದ ಅಂಗಿಯ ಒಳಗಿನ ಮೈಗೆ ಏನೂ ಆಗಿರಲಿಲ್ಲ.

"ಹೊಡದಿದ್ದಕ್ಕ ನಡುಗ್ತಾನೇನಮ್ಮ?"

"ಇಲ್ರಿ ಯಪ್ಪಾ. ನಿನ್ನಿ ಬಂದಾಗಿಂದ ಹಿಂಗ. ಗಂಜಿ ನಾನ ಕುಡಿಸೀನಿ, ಕೂಸಿಗೆ ಕುಡಿಸಿದಂಗ. ಇಂಥ ಕೈಲೆ ಮನಷ್ಯಾನ್ನ ಕೊಲ್ಲಾಕ ಆಗ್ತೈತೇನ್ರಿ?" ಅವಳು ಓಬಳೇಶರ ಕಾಲು ಹಿಡಿದಳು. "ಇವನ್ನ ಆ ಆಸ್ಪತ್ರಿಗೆ ಮಾತ್ರ ತಿರುಗಿ ಒಯ್ಯಬ್ಯಾಡ್ರಿ. ಏನು ನೋಡ್ಯಾನೋ, ಹೆಸರು ತೆಗದ್ರ ಉಚ್ಚಿ ಹೊಯ್ಕಂತಾನ. ಅಲ್ಲಿ ಬಿಟ್ರ ಕೊಲ್ತಾರ."

ಓಬಳೇಶ ಕಾಲು ಬಿಡಿಸಿಕೊಂಡರು. ಸಂಜೆಯೊಳಗೆ ರೋಗಿಯನ್ನು ಡಾಕ್ಟರ ವಶಕ್ಕೆ ಒಪ್ಪಿಸಬೇಕೆಂಬ ಮ್ಯಾಜಿಸ್ಟ್ರೇಟರ ಆದೇಶ ಅವರ ಜೇಬಿನಲ್ಲಿತ್ತು.

ಆದೇಶದ ಜೊತೆಗೆ ಆಸ್ಪತ್ರೆಯವರು ತಮ್ಮ ವಾರ್ಡ್ ಮೇಸ್ತ್ರಿ ಕೊಟ್ರಬಸಪ್ಪನನ್ನೂ ಕಳಿಸಿದ್ದರು. ಐವತ್ತು ದಾಟಿದ ಆಳು. ಹಣೆತುಂಬ ವಿಭೂತಿ, ಕೊರಳಲ್ಲಿ ಹೊಸ ಬಿಳಿ ಶಿವದಾರ, ಅದರಲ್ಲಿ ಇಷ್ಟಲಿಂಗ ಇಡುವ ಬೆಳ್ಳಿಯ ಕರಡಿಗೆ. ಗಲಾಟೆಯಲ್ಲಿ ಅವನಿಗೂ ಒಂದು ಕಲ್ಲು ಬಿದ್ದು ತುಟಿ ಒಡೆದಿತ್ತು. ಅದನ್ನು ಒರೆಸಿಕೊಳ್ಳದೆಯೇ ಮಾರೆಣ್ಣನ ಭುಜಕ್ಕೆ ಬಟ್ಟೆ ಕಟ್ಟಿದ. ಕಟ್ಟುವಾಗ ಮಾರೆಣ್ಣ ಕಣ್ಣು ಮುಚ್ಚಿಕೊಂಡಿದ್ದ.

ಮಿಲ್ಲಿನ ಮಾಲೀಕರು ಊಟಕ್ಕೆ ಎಬ್ಬಿಸಿದರು. ಕೊಟ್ರಬಸಪ್ಪ ಕೈ ಮುಗಿದ. "ಬ್ಯಾಡ್ರಿ. ನಂದು ಉಪಾಸ ಐತಿ."

"ಏನು ಉಪಾಸೋ ಏನೋ," ಎಂದ ಜೀಪಿನ ಡ್ರೈವರ್, ಕಾನ್‌ಸ್ಟೇಬಲ್ ಅಯ್ಯಣ್ಣ. "ನಿನ್ನಿಯಿಂದ ನೀರಿನ ಮ್ಯಾಲೆ ಅದಾನ್ರಿ ಇಂವ. ಸಿರುಗುಪ್ಪಿಗೆ ಬಂದು ಅನ್ನ ಒಲ್ಲೆ ಅಂದಾಂವ ಇಂವೊಬ್ಬನ ನೋಡ್ರಿ."

ಕೊಟ್ರಬಸಪ್ಪ ನಕ್ಕ. ಒಡೆದ ತುಟಿಯಿಂದ ಮತ್ತೆ ರಕ್ತ ಬಂತು.

ಜೀಪು ತೆಕ್ಕಲಕೋಟೆ ದಾಟಿದ ಮೇಲೆ ಅಯ್ಯಣ್ಣ ಕನಿಕರಪಟ್ಟು, ಜೇಬಿನಿಂದ ಪೆಪ್ಪರಮೆಂಟಿನ ಕಾಗದದ ಪೊಟ್ಟಣ ತೆಗೆದು ಹಿಂದಕ್ಕೆ ಚಾಚಿದ. ಮಾರೆಣ್ಣ ಅದನ್ನು ಬಿಚ್ಚಿ ಬಾಯಿಗೆ ಸುರಿದುಕೊಂಡು, ಅಗಿಯದೆ, ಚೀಪದೆ ಒಮ್ಮೆಗೇ ನುಂಗಿದ. ಆಮೇಲೆ ಬಾಯಿ ಅಗಲ ತೆರೆದು ನಾಲಿಗೆ ಮೇಲೆತ್ತಿ ತೋರಿಸಿದ.

"ಏನಿದು?" ಎಂದರು ಓಬಳೇಶ.

"ವಾರ್ಡಿನ ರೂಢಿರಿ," ಎಂದ ಕೊಟ್ರಬಸಪ್ಪ. "ಡಾಕ್ಟರ ಸಂಶೋಧನಿ. ಮುಂಬೈ ಕಂಪನಿಯ ಹೊಸ ಗುಳಿಗಿ. ಅರ್ಧ ಮಂದಿಗೆ ಖರೇ ಗುಳಿಗಿ, ಅರ್ಧ ಮಂದಿಗೆ ಸಕ್ರಿ ಗುಳಿಗಿ. ಬಣ್ಣ ಒಂದ, ಗಾತ್ರ ಒಂದ. ಪೊಟ್ಟಣ ಹಂಚೋ ನನಗೂ ಯಾವುದು ಯಾವುದಂತ ತಿಳಿಯಂಗಿಲ್ಲ. ನುಂಗಿದ್ದನ್ನ ಮಾತ್ರ ನಾಲಿಗಿ ಎತ್ತಿಸಿ ನೋಡಬೇಕು."

"ನಿನ್ನ ಮಗಳೂ ಅಲ್ಲೇ ಇದ್ದಳಂತಲ್ಲ?"

"ದಾಕ್ಷಾಯಣಿ. ಶಿವರಾತ್ರಿ ಹಿಂದ ಆಸ್ಪತ್ರಿ ಬಾವ್ಯಾಗ ಬಿದ್ಲುರಿ. ಔಷಧಿ ಕೈ ಹಿಡೀಲಿಲ್ಲ ಅಂದ್ರು ಡಾಕ್ಟರು." ಅವನು ಹೊರಗೆ ನೋಡಿದ. ಸ್ವಲ್ಪ ದೂರ ಹೋದ ಮೇಲೆ ಕೇಳಿದ: "ಸಾಹೇಬ್ರ, ತಿಪ್ಪೇರುದ್ರಪ್ಪನ ಲಿಂಗ ನಿಮ್ಮ ಹತ್ರ ಐತಂತಲ್ಲ? ಕೊಡ್ರಿ, ಅವನ ಹೆಂಡತಿ ಚನ್ನವೀರಮ್ಮಗ ನಾನ ಮುಟ್ಟಸ್ತೀನಿ. ಪೊಲೀಸ್ರ ಕೈಯಿಂದ ಅಂದ್ರ ಆಕಿ ನೊಂದ್ಕಂತಾಳ."

"ಪಂಚನಾಮಿ ಆಗೇತಿ. ಆಕಿ ಸಹಿ ಬೇಕು. ನಾನ ಕೊಡ್ತೀನಿ."

ಕೊಟ್ರಬಸಪ್ಪ ಶಿವದಾರವನ್ನು ಅಂಗಿಯೊಳಗೆ ಸೇರಿಸಿಕೊಂಡ.

* * *

ತಿಪ್ಪೇರುದ್ರಪ್ಪನ ಸಮಾಧಿ ಕುರುಗೋಡಿನಲ್ಲಿ, ಅವರ ಹೊಲದ ಬದುವಿನಲ್ಲಿ. ಓಬಳೇಶ ಜೀಪನ್ನು ರಸ್ತೆಯಲ್ಲೇ ನಿಲ್ಲಿಸಿದರು. ಆದರೂ ಯಾರೋ ಹಿಂದಿನ ಸೀಟಿನಲ್ಲಿದ್ದ ಮಾರೆಣ್ಣನನ್ನು ಗುರುತು ಹಿಡಿದರು. ಮೊದಲ ಕಲ್ಲಿಗೆ ಮುಂದಿನ ಗಾಜು ಪುಡಿಯಾಯಿತು. ಸತ್ತವನ ತಮ್ಮ ಕುಡುಗೋಲು ಹಿಡಿದು ಓಡಿಬಂದ. ಅಯ್ಯಣ್ಣ ಅವನನ್ನು ಕೆಡವಿ ಎದೆಯ ಮೇಲೆ ಕೂರುವಷ್ಟರಲ್ಲಿ ಕುಡುಗೋಲು ಅಯ್ಯಣ್ಣನ ಮುಂದೋಳನ್ನು ಉದ್ದಕ್ಕೆ ಸೀಳಿತ್ತು. ಕೊಟ್ರಬಸಪ್ಪ ಜೀಪಿನಿಂದ ಇಳಿಯಲೇ ಇಲ್ಲ.

ಹಿರಿಯರು ಜನರನ್ನು ತಡೆದ ಮೇಲೆ ಓಬಳೇಶ ಒಬ್ಬರೇ ಗುಂಡಿಯ ಹತ್ತಿರ ನಡೆದರು. ಹೆಣವನ್ನು ಕೂರಿಸಿದ್ದರು. ಒಡೆದ ತಲೆಗೆ ಬಿಳಿ ವಸ್ತ್ರ ಸುತ್ತಿತ್ತು. ಕ್ರಿಯೆ ಮಾಡಿಸುವ ಅಯ್ಯನವರು ಹೆಣದ ಎಡ ಅಂಗೈ ಒರೆಸಿ ವಿಭೂತಿ ಹಚ್ಚಿ, ಲಿಂಗಕ್ಕಾಗಿ ಕಾಯುತ್ತಿದ್ದರು.

"ಎಡಗೈಯಾಗ ಇಡ್ತೀರೇನ್ರಿ?"

"ಹೌದ್ರಿ. ಲಿಂಗ ಎಡ ಅಂಗೈಯಾಗ ಕೊಟ್ಟು ಮಣ್ಣು ಮಾಡೋದು ನಮ್ಮ ಪದ್ಧತಿ."

ಓಬಳೇಶ ನಿಂತಲ್ಲೇ ನಿಂತರು. ನಿನ್ನೆ ಔಷಧಿ ಕೋಣೆಯಲ್ಲಿ ಹೆಣದ ಎಡ ಮುಷ್ಟಿಯೊಳಗೆ ಲಿಂಗ ಸಿಕ್ಕಿತ್ತು. ಸಾಯುವಾಗ ದೇವರನ್ನು ಹಿಡಿದುಕೊಂಡಿದ್ದಾನೆ ಎಂದೇ ಪಂಚರು ಬರೆಸಿದ್ದರು. ಆದರೆ ಏಟು ತಡೆಯಲು ಎತ್ತಿದ ಆ ಕೈಯ ಎರಡೂ ಎಲುಬು ಮುರಿದಿವೆ, ಬೆರಳು ಮಡಚಲು ಬರುತ್ತಿರಲಿಲ್ಲ ಎಂದು ಶವಪರೀಕ್ಷೆಯ ವೈದ್ಯರು ಹೇಳಿದ್ದರು. ತೋಳೆಲ್ಲ ರಕ್ತವಾಗಿದ್ದರೂ ಅಂಗೈ ಸ್ವಚ್ಛವಿತ್ತು.

ಅಂದರೆ, ಕೊಂದವನೇ ಕೂತು ಅಂಗೈ ಒರೆಸಿ, ಲಿಂಗ ಇಟ್ಟು, ಬೆರಳು ಮಡಚಿದ್ದ. ಕೊಲ್ಲುವ ಸಿಟ್ಟು ಇಳಿದ ಮೇಲೆ, ಲಿಂಗ ರಕ್ತದಲ್ಲಿ ಬಿದ್ದಿರುವುದನ್ನು ಅವನಿಂದ ನೋಡಲಾಗಿರಲಿಲ್ಲ.

ಓಬಳೇಶ ಜೇಬಿನ ಪೊಟ್ಟಣ ಬಿಚ್ಚಿ ಲಿಂಗವನ್ನು ಹೆಂಡತಿ ಚನ್ನವೀರಮ್ಮನ ಸೆರಗಿಗೆ ಹಾಕಿದರು. ಆಕೆ ಕಣ್ಣಿಗೆ ಒತ್ತಿಕೊಳ್ಳಲು ಎತ್ತಿದವಳು, ತಡೆದಳು. ತಿರುಗಿಸಿ ನೋಡಿದಳು. ಹೆಬ್ಬೆರಳಿನಿಂದ ಸವರಿದಳು.

"ಇದು ಇವರ ಲಿಂಗ ಅಲ್ರಿ."

"ತಂಗೀ, ದುಃಖದಾಗ ಹಂಗ ಕಾಣಸ್ತೈತಿ," ಎಂದರು ಅಯ್ಯನವರು.

"ಅಲ್ರಿ ಅಯ್ಯನೋರ! ದಿನಾ ಪೂಜಿಗೆ ನೀರು ಕೊಡಾಕಿ ನಾನು. ಇವರದು ಒಂದು ಬದಿಗೆ ಕಂತಿ ಕಿತ್ತೈತಿ. ಮಗ ಅಂಬೆಗಾಲಿಡೋವಾಗ ಜಗ್ಗಿ ಕೆಡವಿದ್ದ. ಕಡ್ಲಿಬ್ಯಾಳಿ ಅಷ್ಟು. ಇದು ನೋಡ್ರಿ, ಎಲ್ಲಿ ಕಿತ್ತೈತಿ?"

ಲಿಂಗದ ಮೇಲಿನ ಕಪ್ಪು ಲೇಪ, ಕಂತಿ, ಎಲ್ಲೂ ಕಿತ್ತಿರಲಿಲ್ಲ.

ಜನ ಗುಜುಗುಜು ಮಾಡಿದರು. ಅಯ್ಯನವರು ಮಠದಿಂದ ಬೇರೆ ಲಿಂಗ ತರಲು ಆಳು ಓಡಿಸಿದರು. ಓಬಳೇಶ ಆ ಲಿಂಗವನ್ನು ತಿರುಗಿ ಪೊಟ್ಟಣ ಕಟ್ಟಿ ಎದೆಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡರು.

ಓಬಳೇಶರಿಗೆ ಈಗ ಹೊಳೆಯಿತು: ಕಾದಾಟದಲ್ಲಿ ಇಬ್ಬರ ಕೊರಳ ದಾರವೂ ಹರಿದಿತ್ತು. ಎರಡು ಲಿಂಗ ನೆಲಕ್ಕೆ ಬಿದ್ದಿದ್ದವು. ಕೊಂದವನು ಅವಸರದಲ್ಲಿ ಒಂದನ್ನು ಹೆಣಕ್ಕೆ ಕೊಟ್ಟು ಒಂದನ್ನು ತಾನು ಒಯ್ದಿದ್ದ. ತನ್ನದನ್ನು ಕೊಟ್ಟು, ಸತ್ತವನದನ್ನು ಒಯ್ದಿದ್ದ.

ಕಂತಿ ಕಿತ್ತ ಲಿಂಗ ಈಗ ಬೇರೆ ಯಾರದೋ ಎದೆಯ ಮೇಲಿತ್ತು.

* * *

ಬಳ್ಳಾರಿ ಮುಟ್ಟಿದಾಗ ಮಧ್ಯಾಹ್ನದ ಬಿಸಿಲು ಇಳಿದಿರಲಿಲ್ಲ. ಓಬಳೇಶ ಜೀಪನ್ನು ವಾರ್ಡಿನ ಮುಂದಿನ ಬೇವಿನ ಕೆಳಗೆ ನಿಲ್ಲಿಸಿ, ತೋಳಿಗೆ ಬಟ್ಟೆ ಸುತ್ತಿಕೊಂಡಿದ್ದ ಅಯ್ಯಣ್ಣನಿಗೆ ಹೇಳಿದರು:

"ನಾನು ಬರೋ ತನಕ ಮಾರೆಣ್ಣ ಜೀಪಿನಿಂದ ಇಳಿಯಂಗಿಲ್ಲ. ಡಾಕ್ಟರ ಮಂದಿ ಯಾರೂ ಹತ್ರ ಬರಂಗಿಲ್ಲ. ಕೊಟ್ರಬಸಪ್ಪಾ, ನೀನೂ ಇಲ್ಲೇ ಕಾಯಿ."

"ಆತ್ರಿ," ಎಂದ ಕೊಟ್ರಬಸಪ್ಪ.

ಡಾಕ್ಟರ್ ಚಿದಾನಂದಪ್ಪ ಆಗತಾನೆ ಊಟ ಮುಗಿಸಿದ್ದರು. ಮೇಜಿನ ಮೇಲೆ ಎಂಜಲು ತಟ್ಟೆ ಇತ್ತು. "ರೋಗಿ ಸಿಕ್ಕನಂತೆ. ಸಂತೋಷ. ಒಪ್ಪಿಸಿಬಿಡಿ," ಅಂದರು.

ಓಬಳೇಶ ಬಾಗಿಲಿಗೆ ಅಗುಳಿ ಹಾಕಿದರು. "ಮಾರೆಣ್ಣಗ ಯಾವ ಗುಳಿಗಿ ಕೊಡ್ತಿದ್ರಿ?"

"ಮ್ಯಾಜಿಸ್ಟ್ರೇಟರಿಗೆ ಹೇಳಿದ್ದೇನಲ್ಲ. ಅವನು ಸಕ್ಕರೆ ಗುಂಪಿನವನು. ಔಷಧವಿಲ್ಲದೆ ರೋಗ ಕೆರಳಿತು, ಕೊಂದ. ಇಂಥ ಅಧ್ಯಯನದಲ್ಲಿ ಅದೊಂದು ಅಪಾಯ ಇದ್ದದ್ದೇ."

"ನಿನ್ನಿ ನೀವ ನನಗ ತೋಟ ತೋರಸ್ತಾ ಏನಂದ್ರಿ? ಖರೇ ಗುಳಿಗಿ ತಿನ್ನೋರಿಗೆ ಬಿಸಿಲು ಆಗಂಗಿಲ್ಲ, ಚರ್ಮ ಸುಡ್ತೈತಿ, ಕೈ ನಡುಗ್ತಾವ, ಅದಕ್ಕ ಅವರನ್ನ ನೆರಳಾಗ ಇಡ್ತೀವಿ ಅಂದ್ರಿ. ಮಾರೆಣ್ಣನ ಮುಖ ಒಂದು ದಿನದ ಬಿಸಿಲಿಗೆ ಬೊಬ್ಬಿ ಬಂದೈತಿ. ನೀರಿನ ಲೋಟ ಹಿಡಿಯಾಕ ಆಗವಲ್ದು. ಸಕ್ರಿ ತಿಂದ್ರ ಹಂಗ ಆಗ್ತೈತೇನು?"

ಡಾಕ್ಟರು ಎದ್ದರು. "ನೀವು ಪೊಲೀಸರು. ವೈದ್ಯಶಾಸ್ತ್ರ..."

ಮಾತು ಮುಗಿಯಲಿಲ್ಲ. ಓಬಳೇಶ ಅವರ ಕೊರಳಪಟ್ಟಿ ಹಿಡಿದು ಔಷಧಿ ಬೀರುವಿಗೆ ಅಪ್ಪಳಿಸಿದರು. ಗಾಜು ಒಡೆದು ಸೀಸೆಗಳು ನೆಲಕ್ಕೆ ಬಿದ್ದವು. ಡಾಕ್ಟರ ಕಿವಿಯ ಹಿಂದೆ ರಕ್ತ ಕಾಣಿಸಿತು.

"ಒಬ್ಬ ನಿರಪರಾಧಿ ಮೈಗೆ ಇವತ್ತು ಕಬ್ಬಿಣದ ಕೊಕ್ಕಿ ಹಾಕಿದ್ರು. ನಿಮ್ಮ ಒಂದು ಸುಳ್ಳಿಗೆ. ಯಾಕ ಹೇಳಿದ್ರಿ?"

"ಔಷಧ ತಿನ್ನುವವನು ಕೊಲೆ ಮಾಡಿದ ಅಂದರೆ ಎಲ್ಲ ಮುಗಿಯಿತು!" ಡಾಕ್ಟರು ಏದುಸಿರು ಬಿಟ್ಟರು. "ಕಂಪನಿ ನಾಳೆಯೇ ನಿಲ್ಲಿಸುತ್ತದೆ. ಈ ಗುಳಿಗೆ ಒಳ್ಳೆಯದು, ಇನ್ಸ್‌ಪೆಕ್ಟರೇ. ಸರಪಳಿಯಲ್ಲಿ ಬಂದವರು ಎದ್ದು ಕೂತು ಮಾತಾಡಿದ್ದಾರೆ. ಅದಕ್ಕೆ ಅವನ ಹೆಸರನ್ನು ಸಕ್ಕರೆ ಗುಂಪಿಗೆ ಹಾಕಿದೆ. ಅಷ್ಟೇ. ಕೊಂದದ್ದು ನಾನಲ್ಲ."

"ಅಂಗಿ ಬಿಚ್ರಿ."

"ಏನು?"

"ಲಿಂಗ ತೋರಿಸ್ರಿ."

ಡಾಕ್ಟರು ದಿಟ್ಟಿಸಿ ನೋಡಿದರು. ಕರಡಿಗೆ ತೆರೆದು, ವಸ್ತ್ರ ಬಿಡಿಸಿ, ಅಂಗೈಯಲ್ಲಿಟ್ಟು ಚಾಚಿದರು. ಓಬಳೇಶ ಮುಟ್ಟದೆ, ಸುತ್ತಲೂ ಬಗ್ಗಿ ನೋಡಿದರು. ಕಂತಿ ಕಿತ್ತಿರಲಿಲ್ಲ.

"ಇದು ನಿಮ್ಮದ ಏನು?"

"ಇನ್ನೊಬ್ಬರದನ್ನು ಯಾರಾದರೂ ಕಟ್ಟಿಕೊಳ್ಳುತ್ತಾರೆಯೇ? ನಿಮಗೆ ನಮ್ಮ ಪದ್ಧತಿ ಗೊತ್ತಿಲ್ಲ. ಬೆಳಿಗ್ಗೆ ಇದರ ಪೂಜೆ ಆದ ಮೇಲೆಯೇ ನನ್ನ ಊಟ. ತನ್ನ ಲಿಂಗ ಕಳಕೊಂಡವನು ಅದು ಸಿಗುವ ತನಕ ಅನ್ನ ಮುಟ್ಟುವುದಿಲ್ಲ."

ಓಬಳೇಶರ ಕಣ್ಣು ಎಂಜಲು ತಟ್ಟೆಯ ಮೇಲೆ ನಿಂತಿತು.

ನಿನ್ನಿಯಿಂದ ನೀರಿನ ಮ್ಯಾಲೆ ಅದಾನ್ರಿ ಇಂವ. ಹೊಸ ಶಿವದಾರ. ಕೊಡ್ರಿ, ನಾನ ಮುಟ್ಟಸ್ತೀನಿ.

"ದಾಕ್ಷಾಯಣಿ," ಅಂದರು. "ಮೇಸ್ತ್ರಿ ಮಗಳು. ಆಕಿ ಯಾವ ಗುಂಪು?"

ಡಾಕ್ಟರು ಕರಡಿಗೆ ಮುಚ್ಚತೊಡಗಿದರು.

"ಯಾವ ಗುಂಪು?"

"ಸಕ್ಕರೆ." ಧ್ವನಿ ಇಳಿದಿತ್ತು. "ಚೀಟಿ ಎತ್ತುತ್ತೇವೆ. ಅವಳ ಹೆಸರು ಆ ಕಡೆಗೆ ಬಂತು. ತಿಪ್ಪೇರುದ್ರಪ್ಪನಿಗೆ ಮತ್ತು ನನಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಅಪ್ಪನೇ ದಿನಾ ತನ್ನ ಕೈಯಾರೆ ತಿನ್ನಿಸಿ, ನಾಲಿಗೆ ಎತ್ತಿಸಿ ನೋಡುತ್ತಿದ್ದ. ಮಧ್ಯದಲ್ಲಿ ಬದಲಿಸಿದರೆ ಅಧ್ಯಯನ ಕೆಡುತ್ತದೆ. ತಿಪ್ಪೇರುದ್ರಪ್ಪ ಮೊನ್ನೆ ಬಂದು, ಇನ್ನು ನನ್ನಿಂದ ಮುಚ್ಚಿಡಲು ಆಗುವುದಿಲ್ಲ, ಅವನಿಗೆ ಹೇಳಿಬಿಡುತ್ತೇನೆ ಅಂದ."

ಹೊರಗೆ ಒಂದು ಕೂಗು ಕೇಳಿಸಿತು. ಅರ್ಧಕ್ಕೇ ನಿಂತಿತು.

ಓಬಳೇಶ ಅಗುಳಿ ತೆಗೆದು ಓಡಿದರು. ಬೇವಿನ ಕೆಳಗೆ ಜೀಪು ಖಾಲಿ ಇತ್ತು. ಅಯ್ಯಣ್ಣ ಚಕ್ರಕ್ಕೆ ಒರಗಿ ಬಿದ್ದಿದ್ದ. ಜೀಪಿನದೇ ಸ್ಪ್ಯಾನರು ಪಕ್ಕದಲ್ಲಿತ್ತು, ತಲೆಯ ಕೂದಲು ರಕ್ತದಲ್ಲಿ ಅಂಟಿತ್ತು. ಉಸಿರಿತ್ತು. ರಕ್ತ ಮೆತ್ತಿದ ಹೆಜ್ಜೆಗಳು ವಾರ್ಡಿನ ಕೊನೆಯ ಕೋಣೆಯ ಕಡೆಗೆ ಹೋಗಿದ್ದವು. ಸರಳಿನ ಬಾಗಿಲು. ಒಳಗಿನಿಂದ ಬೀಗ.

ಮಾರೆಣ್ಣ ನೆಲದ ಮೇಲೆ ಕೂತಿದ್ದ. ಅವನ ಬೆನ್ನಿಗೆ ಆತು ಕೂತಿದ್ದ ಕೊಟ್ರಬಸಪ್ಪ. ರೋಗಿಗಳ ಕ್ಷೌರದ ಕತ್ತಿ ಮಾರೆಣ್ಣನ ಗಂಟಲ ಮೇಲಿತ್ತು. ಒಂದು ತೆಳು ಕೆಂಪು ಗೆರೆ ಆಗಲೇ ಮೂಡಿತ್ತು. ಓಬಳೇಶ ಪಿಸ್ತೂಲು ಹಿರಿದು ಸರಳಿನ ನಡುವೆ ಗುರಿ ಹಿಡಿದರು.

"ಪಿಸ್ತೂಲು ಒಳಗಿಡ್ರಿ ಸಾಹೇಬ್ರ. ಗುಂಡು ಮೊದಲು ಇವಗ ತಾಕ್ತೈತಿ."

ಓಬಳೇಶ ಎದೆಯ ಜೇಬಿನಿಂದ ಪೊಟ್ಟಣ ತೆಗೆದು ಎತ್ತಿ ಹಿಡಿದರು. "ನಿನ್ನ ಲಿಂಗ ಇಲ್ಲೈತಿ ಕೊಟ್ರಬಸಪ್ಪಾ. ಇವನ್ನ ಬಿಡು, ತಗೋ."

ಅವನ ಮುಖ ಒಂದು ಕ್ಷಣ ಕಲಕಿತು. ಕಣ್ಣಲ್ಲಿ ನೀರು ಬಂತು. ಕತ್ತಿ ಸರಿಯಲಿಲ್ಲ. "ಇಂಥ ಕೈಲೆ ಇನ್ನ ನಾ ಅದನ್ನ ಮುಟ್ಟೋ ಹಂಗಿಲ್ಲ. ಡಾಕ್ಟರ್ನ ಮುಂದ ಕರೀರಿ."

ಡಾಕ್ಟರು ಹಿಂದೆಯೇ ಬಂದು ನಿಂತಿದ್ದರು. ಕೊಟ್ರಬಸಪ್ಪ ಎಡಗೈಯಿಂದ ಜೇಬಿನೊಳಗಿನ ಎರಡು ಕಾಗದದ ಪೊಟ್ಟಣ ತೆಗೆದು ಮಾರೆಣ್ಣನ ಮುಂದೆ ನೆಲದ ಮೇಲಿಟ್ಟ. ಎರಡೂ ಒಂದೇ ಮಡಿಕೆ, ಒಂದೇ ಗಾತ್ರ.

"ಒಂದರಾಗ ಸಕ್ರಿ ಗುಳಿಗಿ ಐತಿ. ಒಂದರಾಗ ಉಗ್ರಾಣದ ಹೆಗ್ಗಣದ ಪಾಷಾಣ ಐತಿ. ಅದಲಬದಲ ಮಾಡಿ ಇಟ್ಟೀನಿ. ಯಾವುದು ಯಾವುದಂತ ನನಗೂ ಗೊತ್ತಿಲ್ಲ. ನಿಮ್ಮ ಪದ್ಧತಿ ಹಿಂಗ ಅಲ್ಲೇನ್ರಿ?" ಅವನ ಧ್ವನಿ ಏರಲಿಲ್ಲ. "ನನ್ನ ಮಗಳಿಗೆ ಆರಿಸಿದ್ರಿ. ಈಗ ಇವಗ ಆರಿಸ್ರಿ. ಎಡಕಿಂದೋ, ಬಲಕಿಂದೋ?"

"ಕೊಟ್ರಬಸಪ್ಪ, ಕೇಳು, ಅಧ್ಯಯನ ಅಂದರೆ..."

"ಎಡಕಿಂದೋ, ಬಲಕಿಂದೋ?"

"ಇವನು ಏನು ಮಾಡ್ಯಾನೋ ನಿನಗ?" ಎಂದು ಚೀರಿದರು ಓಬಳೇಶ.

"ಏನೂ ಮಾಡಿಲ್ರಿ. ನೋಡ್ಯಾನ. ಮತ್ತ ನನ್ನ ಕೂಸಿನ ಪಾಲಿನ ಗುಳಿಗಿ ತಿಂದಾನ. ಅದು ಇವನ ತಪ್ಪಲ್ಲ. ಆಕಿದೂ ತಪ್ಪಿರಲಿಲ್ಲ."

ಡಾಕ್ಟರ ಕಣ್ಣು ಕತ್ತಿಯ ಮೇಲೆಯೇ ಇತ್ತು.

ಯಾರೂ ಮಾರೆಣ್ಣನನ್ನು ನೋಡುತ್ತಿರಲಿಲ್ಲ. ಅವನು ಪೊಟ್ಟಣಗಳನ್ನು ನೋಡುತ್ತಿದ್ದ. ವಾರ್ಡು, ಮೇಸ್ತ್ರಿ, ಮಡಚಿದ ಕಾಗದ. ನಡುಗುವ ಕೈ ಮುಂದೆ ಹೋಯಿತು. ಒಂದನ್ನು ಎತ್ತಿತು.

"ಮಾರೆಣ್ಣಾ, ಬ್ಯಾಡ!"

ಅವನು ಅಗಿಯದೆ ನುಂಗಿದ. ಬಾಯಿ ಅಗಲ ತೆರೆದು, ನಾಲಿಗೆ ಮೇಲೆತ್ತಿ, ಎಲ್ಲರಿಗೂ ತೋರಿಸಿದ.

ಕೊಟ್ರಬಸಪ್ಪನ ಕೈಯಿಂದ ಕತ್ತಿ ಜಾರಿತು. ಅವನು ಉಳಿದ ಪೊಟ್ಟಣವನ್ನು ಎತ್ತಿಕೊಂಡ. ಬಿಚ್ಚಿದ. ನಿನ್ನೆಯಿಂದ ನೀರಲ್ಲದೆ ಏನನ್ನೂ ಮುಟ್ಟದ ಬಾಯಿಗೆ ಅದನ್ನು ಹಾಕಿಕೊಂಡ. ಸೊಂಟದ ಬೀಗದ ಕೈಯನ್ನು ಸರಳಿನ ನಡುವಿನಿಂದ ಡಾಕ್ಟರ ಕಾಲ ಬಳಿಗೆ ಎಸೆದ.

"ಬರ್ರಿ. ಕುಂತು ನೋಡ್ರಿ. ಯಾರ ಹೊಟ್ಟ್ಯಾಗ ಏನೈತಿ ಅಂತ ಬರಕೊಳ್ರಿ."

ಓಬಳೇಶ ಬೀಗ ತೆಗೆದು ಒಳಗೆ ನುಗ್ಗಿ ಮಾರೆಣ್ಣನನ್ನು ತೊಡೆಯ ಮೇಲೆ ಎಳೆದುಕೊಂಡರು. "ಹೊಟ್ಟಿ ತೊಳೀರಿ! ಇಬ್ಬರಿಗೂ! ಲಗೂನ!"

"ಕೊಳವೆ ಒಂದೇ ಇದೆ," ಎಂದರು ಡಾಕ್ಟರು. ಅವರು ನಿಂತಲ್ಲಿಂದ ಕದಲಿರಲಿಲ್ಲ. "ಯಾರಿಗೆ ಮೊದಲು?"

ಓಬಳೇಶ ಉತ್ತರಿಸಲು ಬಾಯಿ ತೆರೆದರು. ಬೆಳಗಿನಿಂದ ಒಂದೇ ಸಮನೆ ನಡುಗುತ್ತಿದ್ದ ಮಾರೆಣ್ಣನ ಕೈ, ಅವರ ಕೈಯೊಳಗೆ, ಆಗ ಸೆಟೆದು ನಿಂತಿತು. ಪಾಷಾಣ ಯಾರ ಪಾಲಿಗೆ ಬಂದಿತ್ತೆಂದು ಇನ್ನು ಕೇಳಬೇಕಾಗಿರಲಿಲ್ಲ.